ಬಾಕಿ ಇಲ್ಲದ ಮನೆ

ನಾಮದ ಗಟ್ಟಿಯನ್ನು ಅಂಗೈಯಲ್ಲಿ ನೀರು ಹಾಕಿ ತೇಯ್ದರೆ ಒಂದು ವಾಸನೆ ಬರುತ್ತದೆ. ಮಳೆ ಬಿದ್ದ ಮಣ್ಣಿನದಲ್ಲ, ಅದಕ್ಕಿಂತ ತಣ್ಣಗಿನದು. ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಮೂಗು ತಾಗಿಸಿದ ಹಾಗಿರುತ್ತದೆ. ಚಿಕ್ಕಂದಿನಲ್ಲಿ ಶ್ರಾವಣ ಶನಿವಾರದ ಬೆಳಗ್ಗೆ ನನಗೆ ಎಚ್ಚರವಾಗುತ್ತಿದ್ದದ್ದೇ ಆ ವಾಸನೆಗೆ. ನಮ್ಮ ತಂದೆ ಚನ್ನಪಟ್ಟಣದಲ್ಲಿ ಜವಳಿ ಅಂಗಡಿ ಇಟ್ಟಿದ್ದವರು. ವರ್ಷವೆಲ್ಲ ಗಲ್ಲಾದ ಹಿಂದೆ ಕೂತಿರುತ್ತಿದ್ದ ಮನುಷ್ಯ ಅವತ್ತು ಹಣೆ ತುಂಬ ನಾಮ ಹಾಕಿಕೊಂಡು, ಬರಿಗಾಲಲ್ಲಿ, ಭವನಾಸಿ ಹಿಡಿದು ಬೀದಿಗಿಳಿಯುತ್ತಿದ್ದರು. ಭವನಾಸಿ ಎಂದರೆ ಭಿಕ್ಷೆಯ ಹಿತ್ತಾಳೆ ಪಾತ್ರೆ. ವೆಂಕಟರಮಣನ ಒಕ್ಕಲಿನವರು ಎಷ್ಟೇ ಉಳ್ಳವರಾಗಲಿ, ಶ್ರಾವಣದಲ್ಲಿ ಒಂದು ಶನಿವಾರ ಪಡಿ ಎತ್ತಬೇಕು. ಬೇರೆಯವರ ಬಾಗಿಲಲ್ಲಿ ಗೋವಿಂದ ಎಂದು ನಿಂತು, ಅವರು ಹಾಕಿದ ಅಕ್ಕಿಯನ್ನು ಬೇಯಿಸಿ ದೇವರಿಗೆ ಎಡೆಯಿಟ್ಟು, ಆಮೇಲೆ ತಾವು ಉಣ್ಣಬೇಕು.

ಈ ವರ್ಷದ ಕಡೇ ಶ್ರಾವಣ ಶನಿವಾರ ಅದೇ ವಾಸನೆ ಮಾಗಡಿಯ ನಮ್ಮ ಮನೆಯ ಮಹಡಿ ಮೆಟ್ಟಿಲಿಳಿದು ಬಂತು.

ಮಹಡಿಯ ಕೋಣೆಯಲ್ಲಿ ಬಾಡಿಗೆಗಿರುವವನು ತಿಮ್ಮೇಶ್. ಗ್ರಾಮ ಆಡಳಿತಾಧಿಕಾರಿ, ಊರವರ ಬಾಯಲ್ಲಿ ವಿಎ. ಸಾವನದುರ್ಗದ ಕಡೆಗೆ ಹೋಗುವ ದಾರಿಯ ಹೊನ್ನಗೆರೆಪಾಳ್ಯ ಅವನ ವೃತ್ತ. ಖಾತೆ, ಪಹಣಿ, ಪಿಂಚಣಿ, ಆದಾಯದ ಸರ್ಟಿಫಿಕೇಟು, ಯಾವುದಾದರೂ ಮೊದಲ ವರದಿ ಅವನದೇ. ಕೆಲಸಕ್ಕೆ ಸೇರಿ ವರ್ಷವಾಗುತ್ತ ಬಂದರೂ ಆ ಊರಲ್ಲಿ ಯಾರ ಕೈಯಿಂದಲೂ ಒಂದು ಎಳನೀರು ಕುಡಿದವನಲ್ಲ. ನೀರಿನ ಬಾಟಲಿ, ಊಟದ ಡಬ್ಬಿ ಎರಡನ್ನೂ ಬೈಕಿಗೆ ಕಟ್ಟಿಕೊಂಡು ಹೋಗುತ್ತಾನೆ.

ಅವನ ತಾಯಿ ದಾಸಮ್ಮ ದೊಡ್ಡಆಲಹಳ್ಳಿಯವರು. ಗಂಡ ಪುಟ್ಟಲಿಂಗಯ್ಯನವರ ಜೊತೆ ಕುರಿ ಸಾಕಿ ಮಗನನ್ನು ಓದಿಸಿದವರು. ಮಗನಿಗೆ ಸರ್ಕಾರಿ ಕೆಲಸವಾದರೆ, ಆ ಕೆಲಸದ ಊರಿನ ಜನರ ಬಾಗಿಲಲ್ಲೇ ಪಡಿ ಎತ್ತಿಸುತ್ತೇನೆ ಎಂದು ಹರಕೆ ಹೊತ್ತಿದ್ದರು.

"ಕುರ್ಚಿ ಮ್ಯಾಲೆ ಕೂತ್ರೂ ಇವನು ನಿನ್ನ ದಾಸನೇ ಕಣಪ್ಪ ಅಂತ ತೋರಸ್ಬೇಕಲ್ವಾ ಅಕ್ಕಾ?" ಎಂದು ನನಗೆ ಹೇಳಿದ್ದರು.

ಹರಕೆ ಹೊರುವಾಗ ಅವರಿಗೆ ಇದರಲ್ಲಿ ತೊಡಕೇನೂ ಕಂಡಿರಲಿಲ್ಲ. ಕಾಣುವ ಹಾಗೆ ಮಾಡಿದ್ದು ಟಿವಿ. ದೇಶದ ದೊಡ್ಡ ನಾಯಕರೊಬ್ಬರು ಆಷಾಢದಲ್ಲಿ ಸರ್ಕಾರಿ ನೌಕರರ ಸಭೆಯೊಂದರಲ್ಲಿ ಮಾತಾಡಿ, ಸರ್ಕಾರದ ಸೇವೆಯೂ ದೇವರ ಸೇವೆಯೂ ಬೇರೆಬೇರೆಯಲ್ಲ ಅಂದರು. ಶ್ರಾವಣ ಹುಟ್ಟಿದ ವಾರ ಅವರೇ ಒಂದು ಗುಡಿಯಿಂದ ಹೊರಬರುವಾಗ ಪತ್ರಕರ್ತರು ಅದನ್ನೇ ಕೆದಕಿದರು. ಆಗ ಅವರು, "ಕಚೇರಿಯೊಳಗೆ ನನಗೆ ದೇವರಿಲ್ಲ, ಮನೆಯೊಳಗೆ ನನಗೆ ಹುದ್ದೆಯಿಲ್ಲ" ಅಂದುಬಿಟ್ಟರು. ಎರಡು ಮಾತೂ ಎಲ್ಲರ ಫೋನಿಗೂ ಬಂದವು. ಮೊದಲನೆಯದನ್ನು ದಾಸಮ್ಮ ಹಿಡಿದುಕೊಂಡರು, ಎರಡನೆಯದನ್ನು ಮಗ.

"ದೊಡ್ಡೋರೇ ಹೇಳವ್ರೆ, ಎರಡೂ ಒಂದೇ ಅಂತ," ಎಂದು ದಾಸಮ್ಮ ನಮ್ಮ ಅಡುಗೆಮನೆಯಲ್ಲಿ ಕೂತು ವಾದಿಸಿದರು.

"ಆಮೇಲೆ ಹೇಳಿದ್ದನ್ನೂ ಕೇಳವ್ವ. ಎರಡೂ ಬ್ಯಾರೆ ಅಂದವ್ರೆ."

"ಮೊದ್ಲು ಹೇಳಿದ್ದು ಮನಸಿಂದ ಹೇಳಿರ್ತಾರೆ. ಆಮೇಲಿಂದು ಮೈಕ್ ಹಿಡ್ದೋರ ಕಾಟಕ್ಕೆ."

ನಾನು ನಕ್ಕೆ. ಆದರೆ ಹುಡುಗನ ಮುಖ ಕಂಡು ಸುಮ್ಮನಾದೆ. ಅವನು ದೇವರನ್ನು ನಂಬದವನಲ್ಲ, ತಾಯಿಯ ಮಾತು ಮೀರುವವನೂ ಅಲ್ಲ. ಯಾರ ಅರ್ಜಿಯ ಮೇಲೆ ತಾನು ಷರಾ ಬರೆಯಬೇಕೋ ಅವರ ಮುಂದೆಯೇ ಪಾತ್ರೆ ಹಿಡಿಯುವುದು ಹೇಗೆ ಎಂಬುದು ಅವನ ಸಂಕಟ. ನಾಯಕರು ಕಚೇರಿಯ ಮಾತು ಹೇಳಿದರು, ಮನೆಯ ಮಾತೂ ಹೇಳಿದರು. ಪಡಿ ಎತ್ತುವುದು ಎರಡರ ನಡುವಿನ ಬೀದಿಯಲ್ಲಿ. ಬೀದಿಯ ವಿಷಯ ಅವರು ಏನೂ ಹೇಳಲಿಲ್ಲ.

ಹಿಂದಿನ ಶನಿವಾರ ಅವನು ತಾಯಿಗೆ ಸೋತು ಒಂದು ಸಲ ಹೋಗಿಯೇ ಬಂದ. ಆವತ್ತು ಆದದ್ದನ್ನು ಸಂಜೆ ಮೆಟ್ಟಿಲ ಮೇಲೆ ಕೂತು ಹೇಳಿದ. ದಾಸಯ್ಯನಿಗೆ ಹಾಕುವುದು ಒಂದು ಹಿಡಿ ಅಕ್ಕಿ. ವಿಎ ಸಾಹೇಬರಿಗೆ ಒಬ್ಬರು ಮೊರದ ತುಂಬ ತಂದರು. ಇನ್ನೊಬ್ಬರು ಮಗನ ಬೈಕಿನಲ್ಲಿ ಇಪ್ಪತ್ತೈದು ಕೆ.ಜಿ. ಸೋನಾ ಮಸೂರಿ ಮೂಟೆ ಕಳಿಸಿ, "ಭವನಾಸಿ ಚಿಕ್ಕದಾಯ್ತು, ಇದು ಮನೆಗೇ ಹೋಗ್ಲಿ" ಅಂದರು. ಒಬ್ಬ ಅಜ್ಜಿ ಅಕ್ಕಿಯ ಜೊತೆಗೆ ತನ್ನ ಆಧಾರ್ ಕಾರ್ಡಿನ ಜೆರಾಕ್ಸನ್ನೂ ಮಡಿಸಿ ಪಾತ್ರೆಗೆ ಹಾಕಿ ಕೈ ಮುಗಿದಳು. ಪಾಪ, ಅವಳು ಲಂಚ ಅಂದುಕೊಂಡಿರಲಿಲ್ಲ. ದೇವರೂ ಸಾಹೇಬರೂ ಒಟ್ಟಿಗೆ ಬಾಗಿಲಿಗೆ ಬಂದಾಗ ಎರಡು ಕೆಲಸ ಒಂದೇ ಸಲ ಆಗಲಿ ಎಂದುಕೊಂಡಿದ್ದಳು. ತಿಮ್ಮೇಶ್ ಎಲ್ಲರ ಅಕ್ಕಿಯನ್ನೂ ಹಿಂದಿರುಗಿಸಿ, ಜೆರಾಕ್ಸು ಮಾತ್ರ ಜೇಬಿಗಿಟ್ಟುಕೊಂಡು ಬಂದ. ದಾಸಮ್ಮ ಆ ರಾತ್ರಿ ಉಣ್ಣಲಿಲ್ಲ.

ಈಗ ಉಳಿದಿದ್ದದ್ದು ಈ ಒಂದೇ ಶನಿವಾರ. ವಾರವೆಲ್ಲ ಯೋಚಿಸಿ ಅವನು ತಾಯಿಗೆ ಒಂದು ಮಾತು ಕೊಟ್ಟಿದ್ದ. ಪಡಿ ಎತ್ತುತ್ತೇನೆ, ಆದರೆ ನನ್ನ ಹತ್ತಿರ ಯಾವ ಕೆಲಸವೂ ಬಾಕಿ ಇಲ್ಲದವರ ಮನೆಯಲ್ಲಿ ಮಾತ್ರ. ಅಂಥದ್ದು ಒಂದು ಮನೆ ಸಿಕ್ಕರೂ ಸಾಕು ಎಂದು ದಾಸಮ್ಮ ಒಪ್ಪಿದರು. ಮಂಡಿ ನೋವು, ಸಕ್ಕರೆ ಕಾಯಿಲೆ, ಬೆಳಗ್ಗೆಯಿಂದ ಉಪವಾಸ. ಆದರೂ ತಾವೂ ಬರುತ್ತೇನೆಂದು ಹಟ ಹಿಡಿದರು. ಅವರೊಬ್ಬರನ್ನೇ ಆಟೋದಲ್ಲಿ ಕೂರಿಸಲು ಮನಸ್ಸಾಗದೆ ನಾನೂ ಹತ್ತಿದೆ.

ಆಟೋ ರಸೂಲನದು. ನಮ್ಮ ಬೀದಿಯವನು. ತಿಮ್ಮೇಶನ ನಾಮ, ತುಳಸಿ ಮಾಲೆ, ಬಿಳಿ ಪಂಚೆ ನೋಡಿ, ಹಾಕಿದ್ದ ಹಾಡನ್ನು ತಾನೇ ನಿಲ್ಲಿಸಿದ.

"ನಾನೇ ಒಂದಿಡಿ ಅಕ್ಕಿ ಹಾಕ್ಬುಡ್ತೀನಿ ಸಾರ್, ನಮ್ಮ ಮಾವನ ಮನೆ ಹೊನ್ನಗೆರೆಪಾಳ್ಯದಾಗೇ ಐತೆ," ಅಂದ.

"ನಿನ್ನ ಮಗಳ ಇನ್‌ಕಮ್ ಸರ್ಟಿಫಿಕೇಟು ಆ ವಿಳಾಸದಲ್ಲೇ ಹಾಕಿದ್ದೀಯಲ್ಲ ರಸೂಲಣ್ಣ."

"ಅದೊಂದ್ ಐತೆ," ಎಂದು ರಸೂಲ್ ಗೇರ್ ಬದಲಿಸಿದ.

ಹಾಗಾದರೆ ನಾನು ಹಾಕುತ್ತೇನೆ ಎಂದು ಬಾಯಿ ತೆರೆಯುವ ಮೊದಲೇ ತಿಮ್ಮೇಶ್ ಹಿಂದಿರುಗಿ ನೋಡಿದ. ಅದೇ ಊರಲ್ಲಿ ತೀರಿಕೊಂಡ ನಮ್ಮ ಯಜಮಾನರ ಹೆಸರಲ್ಲಿದ್ದ ತುಂಡು ಜಮೀನನ್ನು ನನ್ನ ಹೆಸರಿಗೆ ಮಾಡುವ ಪೌತಿ ಖಾತೆ ಅವನ ಟೇಬಲ್ಲಿನ ಮೇಲೇ ಇತ್ತು. ನಾನೂ ಬಾಯಿ ಮುಚ್ಚಿದೆ.

ಊರ ಮುಂದೆ ಗ್ರಾಮ ಸಹಾಯಕ ನಟರಾಜು ಕಾಯುತ್ತಿದ್ದ. ಯಾವ ಮನೆಯಲ್ಲಿ ಯಾವ ಅರ್ಜಿ ಎಂಬುದು ಅವನಿಗೆ ಬಾಯಿಪಾಠ. ಚಪ್ಪಲಿ ಬಿಚ್ಚಿ ಆಟೋದಲ್ಲಿಟ್ಟು ತಿಮ್ಮೇಶನ ಜೊತೆ ಬರಿಗಾಲಲ್ಲೇ ಹೆಜ್ಜೆ ಹಾಕಿದ. ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ದಾಸಮ್ಮನನ್ನು ಹೊಂಗೆ ಮರದ ನೆರಳಲ್ಲಿ ಆಟೋದಲ್ಲೇ ಬಿಟ್ಟು ನಾನು ಇವರಿಬ್ಬರ ಹಿಂದೆ ನಡೆದೆ.

"ಈ ಮನೆ?"

"ಜಮೀನು ಪೋಡಿ ಅರ್ಜಿ ಐತೆ ಸಾರ್."

"ಆ ಹೆಂಚಿಂದು?"

"ವಿಧವಾ ವೇತನ. ಅದುರ್ ಪಕ್ಕದ್ದು ಅಣ್ತಮ್ಮಂದ್ರು ಭಾಗ. ಅದುರಾಚೆದು ಖಾಲಿ, ಬೀಗ. ಅದುರಾಚೆಯೋರು ಇನ್ನೂ ಅರ್ಜಿ ಹಾಕಿಲ್ಲ, ಸೋಮವಾರ ಹಾಕ್ತಾರೆ, ನನ್ನ ಕೇಳ್ಕಂಡೋಗವ್ರೆ."

"ಊರಲ್ಲಿ ಸುಖವಾಗಿರೋರು ಯಾರೂ ಇಲ್ವಾ ನಟರಾಜು?" ಎಂದು ಕೇಳಿದೆ.

"ಸುಖವಾಗವ್ರೆ ಅಮ್ಮಾರೇ. ಪಹಣಿಲಿ ಮಾತ್ರ ಇಲ್ಲ," ಅಂದ.

ಹೋದ ವಾರದ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಒಬ್ಬ ಹೆಂಗಸು ಬೊಗಸೆಯಲ್ಲಿ ಅಕ್ಕಿ ಹಿಡಿದೇ ಹೊಸ್ತಿಲಿಗೆ ಬಂದವಳು, ತಿಮ್ಮೇಶ್ ತಲೆ ತಗ್ಗಿಸಿ ಮುಂದೆ ಹೋದದ್ದು ಕಂಡು, ಆ ಅಕ್ಕಿಯನ್ನು ಅಂಗಳದ ಕೋಳಿಗಳಿಗೆ ಎರಚಿದಳು. ತಾನು ಅದಕ್ಕೆಂದೇ ಹೊರಗೆ ಬಂದವಳ ಹಾಗೆ ಬಾ ಬಾ ಎಂದು ಕೋಳಿ ಕರೆದಳು. ಅವನಿಗೆ ಮುಜುಗರವಾಗದಿರಲಿ ಎಂದು ಅಷ್ಟು ಅಕ್ಕಿ ಕೋಳಿಯ ಪಾಲಾಯಿತು.

ಊರು ಮುಗಿಯುತ್ತ ಬಂತು. ಬಿಸಿಲು ನೆತ್ತಿ ದಾಟಿತು. ತಿರುಗಿ ಆಟೋದ ಹತ್ತಿರ ಬಂದಾಗ ದಾಸಮ್ಮ ಸೀಟಿಗೊರಗಿ ಕಣ್ಣು ಮುಚ್ಚಿದ್ದರು. ಹಣೆಯಲ್ಲಿ ಬೆವರು. ರಸೂಲ್ ಬಿಸ್ಕತ್ತಿನ ಪೊಟ್ಟಣ ಒಡೆದು ಹಿಡಿದುಕೊಂಡು ನಿಂತಿದ್ದ.

"ಎಷ್ಟ್ ಹೇಳಿದ್ರೂ ಮುಟ್ತಿಲ್ಲ ಅಮ್ಮ. ಕೈ ಬ್ಯಾರೆ ನಡುಗ್ತಾ ಐತೆ."

"ಅವ್ವ, ಒಂದು ತಿನ್ನವ್ವ," ಎಂದು ತಿಮ್ಮೇಶ್ ಮಂಡಿಯೂರಿದ. "ನಿನ್ನ ದಮ್ಮಯ್ಯ."

"ಎಡೆ ಆಗ್ದೆ ನಾನ್ ತಿನ್ನಾಕಿಲ್ಲ ಮಗ. ನೀನು ಮನೆ ಹುಡ್ಕು. ನಾನು ಚೆನ್ನಾಗಿವ್ನಿ."

ಚೆನ್ನಾಗಿರಲಿಲ್ಲ. ಅದು ಅವನಿಗೂ ಕಾಣುತ್ತಿತ್ತು. ಅವನು ಮೇಲೆದ್ದು, ಯಾವುದಾದರೂ ಸರಿ, ಎದುರಿಗೆ ಸಿಕ್ಕ ಮನೆಗೆ ಹೋಗಿಬಿಡುವವನ ಹಾಗೆ ಸುತ್ತ ನೋಡಿದ. ಆಗ ನಟರಾಜು ನಿಧಾನವಾಗಿ, "ಒಂದ್ ಮನೆ ಐತೆ ಸಾರ್. ಬಾಕಿ ಏನೂ ಇಲ್ಲ. ಆದ್ರೆ ನೀವ್ ಹೋಗಾಕಿಲ್ಲ," ಅಂದ.

"ಯಾರದು?"

"ರಾಮಲಿಂಗಯ್ಯಂದು. ಅದ್ನ ನೀವೇ ಮುಗಿಸಿದ್ರಲ್ಲ."

ಆ ವಿಷಯ ನನಗೂ ಗೊತ್ತಿತ್ತು. ರಾಮಲಿಂಗಯ್ಯ ಊರ ಕೆರೆಯ ಅಂಚಿನಲ್ಲಿ ಬಹಳ ಕಾಲದಿಂದ ರಾಗಿ ಬೆಳೆಯುತ್ತಿದ್ದವರು. ಆ ನೆಲವನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಅರ್ಜಿ ಹಾಕಿದ್ದರು. ತಿಮ್ಮೇಶ್ ಅಳತೆ ಮಾಡಿಸಿದ. ನೆಲ ಕೆರೆಯಂಗಳದ್ದೆಂದು ಗೊತ್ತಾಯಿತು, ಹಾಗೇ ಬರೆದ. ಅರ್ಜಿ ವಜಾ ಆಯಿತು. ಅವನು ಬರೆದದ್ದು ಸರಿಯೇ. ಆದರೂ ಆ ವಾರ ಮಹಡಿಯಲ್ಲಿ ಅವನು ನಡುರಾತ್ರಿಯವರೆಗೆ ಓಡಾಡುವ ಸದ್ದು ನನಗೆ ಕೇಳಿಸಿತ್ತು.

ರಸೂಲ್ ಆಟೋವನ್ನು ಆ ಮನೆಯ ಎದುರಿಗೆ ತಂದು ನಿಲ್ಲಿಸಿದ. ತಿಮ್ಮೇಶ್ ಅಂಗಳದಾಚೆ ನಿಂತು, ಗಂಟಲು ಸರಿಮಾಡಿಕೊಂಡು, "ವೆಂಕಟರಮಣ ಗೋವಿಂದ," ಅಂದ. ದನಿ ಹೊಸ್ತಿಲು ತಲುಪಿತೋ ಇಲ್ಲವೋ. ಇನ್ನೊಮ್ಮೆ ಅಂದ.

ರಾಮಲಿಂಗಯ್ಯನವರ ಹೆಂಡತಿ ಶಿವಲಿಂಗಮ್ಮ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದವರು ಅಲ್ಲೇ ನಿಂತರು.

"ಯಾರಮ್ಮೀ ಅದು?" ಒಳಗಿನಿಂದ ಗಂಡನ ದನಿ.

"ದಾಸಯ್ಯ."

"ಯಾವ ದಾಸಯ್ಯ?"

"ನೀನೇ ಬಂದು ನೋಡು."

ರಾಮಲಿಂಗಯ್ಯ ಬಂದರು. ತೆಳ್ಳಗೆ, ಎತ್ತರ, ಬಿಳಿ ಮೀಸೆ. ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿ ಜಗಲಿಯ ಮೇಲೆ ಕೂತರು.

"ಏನ್ ಸಾಹೇಬ್ರೇ, ಕೆರೆ ಇನ್ನೂ ಒಸಿ ಈ ಕಡಿಕ್ಕೆ ಬತ್ತದಾ? ಹಟ್ಟಿನೂ ಅಳಿಯಾಕ್ ಬಂದ್ರಾ?"

"ಇಲ್ಲ ಯಜಮಾನ್ರೇ. ಪಡಿಗೆ ಬಂದಿದ್ದೀನಿ."

"ಪಡಿಗೆ." ಅವರು ಮೀಸೆ ಸವರಿಕೊಂಡರು. "ನಾನೂ ಟಿವಿ ನೋಡ್ತೀನಿ ಕಣಪ್ಪ. ಆಫೀಸ್ನಾಗೆ ದೇವ್ರಿಲ್ಲ, ಮನೇಲಿ ಹುದ್ದೆ ಇಲ್ಲ ಅಂದ್ರು ದೊಡ್ಡೋರು. ನನ್ನ ಬಾಗ್ಲು ನಿನ್ನ ಆಫೀಸೂ ಅಲ್ಲ, ನಿನ್ನ ಮನೆನೂ ಅಲ್ಲ. ಇಲ್ಲಿ ನೀನು ಯಾರು?"

ತಿಮ್ಮೇಶ್ ಭವನಾಸಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇಲ್ಲಿ ದಾಸಮ್ಮನ ಮಗ," ಅಂದ.

"ದಾಸಮ್ಮ ಯಾರು?"

ಅವನು ಆಟೋದ ಕಡೆ ನೋಡಿದ. ಎಲ್ಲರೂ ನೋಡಿದರು. ದಾಸಮ್ಮ ಒರಗಿದಲ್ಲಿಂದಲೇ ಕೈ ಮುಗಿಯಲು ಹೋಗಿ, ಕೈ ಅರ್ಧಕ್ಕೇ ನಿಂತಿತು.

"ಅಯ್ಯೋ, ಮುಖ ಯಾಕಂಗಾಗೈತೆ?" ಎಂದರು ಶಿವಲಿಂಗಮ್ಮ.

"ಸಕ್ಕರೆ ಕಾಯಿಲೆ. ಬೆಳಗ್ಗೆಯಿಂದ ಏನೂ ತಿಂದಿಲ್ಲ. ಪಡಿ ಅಕ್ಕಿ ಬೆಂದು ಎಡೆಯಾಗುವವರೆಗೆ ತಿನ್ನುವುದೂ ಇಲ್ಲವಂತೆ," ಎಂದೆ ನಾನು.

"ಊರಲ್ಲಿ ಇಷ್ಟೊಂದ್ ಮನೆ ಅವೆ," ಎಂದು ರಾಮಲಿಂಗಯ್ಯ ನಟರಾಜುವಿನ ಕಡೆ ತಿರುಗಿದರು. "ಒಬ್ರೂ ಹಾಕ್ನಿಲ್ವೇನ್ಲಾ?"

"ಹಾಕಾಕ್ ಬಂದ್ರು. ಇವ್ರೇ ಬ್ಯಾಡ ಅಂದ್ರು. ಎಲ್ರುದೂ ಏನಾರ ಒಂದ್ ಬಾಕಿ ಐತಲ್ಲ ಇವ್ರ ತಾವ."

ರಾಮಲಿಂಗಯ್ಯ ಆಟೋದ ಕಡೆಗೊಮ್ಮೆ, ಖಾಲಿ ಭವನಾಸಿಯ ಕಡೆಗೊಮ್ಮೆ ನೋಡಿದರು.

"ಅದುಕ್ಕೆ ನನ್ನ ಬಾಗ್ಲಾ," ಅಂದರು. "ನಂದು ಪೂರಾ ಮುಗ್ಸಾಕ್ಬುಟ್ಟಿದ್ದೀಯ ಅಂತ."

"ಹೂಂ ಯಜಮಾನ್ರೇ."

"ಮುಗ್ದಿಲ್ಲ. ಅಪೀಲ್ ಹಾಕ್ತಿದ್ದೀನಿ. ರಾಮನಗರದ ಲಾಯರ್ರು ಎಲ್ಲಾ ರೆಡಿ ಮಾಡವ್ರೆ."

ತಿಮ್ಮೇಶನ ಮುಖ ಸಪ್ಪಗಾಯಿತು. ತಲೆ ಬಾಗಿಸಿ, ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ಆ ಹೆಜ್ಜೆಯನ್ನು ರಾಮಲಿಂಗಯ್ಯ ನೋಡಿದರು. ತಾಯಿ ಆಟೋದಲ್ಲಿ ಆ ಸ್ಥಿತಿಯಲ್ಲಿರುವಾಗಲೂ ಇವನು ಹಿಂದಕ್ಕೆ ಸರಿಯುತ್ತಾನೆಂದು ಅವರು ಎಣಿಸಿರಲಿಲ್ಲ ಎಂದು ಕಾಣುತ್ತದೆ. ಜಗಲಿಯಿಂದ ಎದ್ದರು.

"ನಿಲ್ಲು. ಸೋಮವಾರ ಹಾಕ್ತೀನಿ. ಇವತ್ತು ಶನಿವಾರ."

ಒಳಗೆ ಹೋದರು. ಶಿವಲಿಂಗಮ್ಮ ಮೊರ ಹಿಡಿದು ಹಿಂದೆಯೇ ಹೋದಾಗ ಗಂಡ ಅವರನ್ನು ತಡೆದು, "ಮೊರ ಬ್ಯಾಡ ಕಣಮ್ಮೀ," ಅಂದದ್ದು ನನಗೆ ಕೇಳಿಸಿತು. ರಾಮಲಿಂಗಯ್ಯ ಮುಚ್ಚಿದ ಮುಷ್ಟಿಯೊಂದಿಗೆ ಹೊರಗೆ ಬಂದು, ಭವನಾಸಿಯ ಮೇಲೆ ಹಿಡಿದು ಬಿಚ್ಚಿದರು. ಒಂದು ಹಿಡಿ. ಯಾವ ದಾಸಯ್ಯ ಬಂದಿದ್ದರೂ ಅಷ್ಟೇ ಸಿಗುತ್ತಿತ್ತು.

ತಿಮ್ಮೇಶ್ ಪಾತ್ರೆಯನ್ನು ಹಣೆಗೊತ್ತಿಕೊಂಡ.

"ಸೋಮವಾರ ರಾಮನಗರಕ್ಕೆ ಹೋಗೋ ಮೊದ್ಲು ಆಫೀಸಿಗೆ ಬನ್ನಿ ಯಜಮಾನ್ರೇ. ಅಪೀಲಿಗೆ ನನ್ನ ವರದಿಯ ನಕಲು ಬೇಕಾಯ್ತದೆ. ಕೊಡ್ತೀನಿ."

"ಸುಮ್ನೆ ಕೊಡ್ತೀಯಾ?"

"ಅರ್ಜಿ ಹಾಕ್ಬೇಕು."

ರಾಮಲಿಂಗಯ್ಯ ನಗಲಿಲ್ಲ, ಮೀಸೆ ಮಾತ್ರ ಸ್ವಲ್ಪ ಅಲುಗಿತು. ನಟರಾಜು ಆಕಾಶ ನೋಡಿದ.

ಮಾಗಡಿಗೆ ಹೋಗಿ ಬೇಯಿಸುವಷ್ಟು ಹೊತ್ತು ದಾಸಮ್ಮ ತಡೆಯುವ ಹಾಗಿರಲಿಲ್ಲ. ಶಿವಲಿಂಗಮ್ಮ ಯಾರನ್ನೂ ಕೇಳಲಿಲ್ಲ. ಆಟೋದ ಹತ್ತಿರ ಹೋಗಿ, "ಬಾ ಅಕ್ಕಯ್ಯಾ, ಒಲೆ ಉರೀತಾನೇ ಐತೆ," ಎಂದು ರಟ್ಟೆ ಹಿಡಿದು ಇಳಿಸಿಕೊಂಡರು. ಇನ್ನೊಂದು ಕಡೆ ರಸೂಲ್ ಆತುಕೊಂಡ. ಪಡಿ ಅಕ್ಕಿ ಬೇರೆ ಅಕ್ಕಿಗೆ ಬೆರೆಯದಂತೆ ಪುಟ್ಟ ಪಾತ್ರೆ ಹುಡುಕಿ, ಬೆಳಗಿ, ಒಲೆಗಿಟ್ಟರು. ಕುದಿ ಬರುವವರೆಗೆ ದಾಸಮ್ಮನ ಬೆನ್ನ ಹಿಂದೆ ಒಂದು ಹೊದಿಕೆ ಮಡಿಸಿಟ್ಟು, ತಾವೇ ಆನಿಕೊಂಡು ಕೂತರು. ಇಬ್ಬರೂ ಕುರಿಯ ಮಾತಾಡಿದರು, ಮಳೆಯ ಮಾತಾಡಿದರು. ಕೆರೆಯ ಮಾತು ಇಬ್ಬರೂ ಎತ್ತಲಿಲ್ಲ.

ಗೂಡಿನ ದೇವರ ಮುಂದೆ ತಿಮ್ಮೇಶ್ ಎಡೆಯಿಟ್ಟು ಮಂಗಳಾರತಿ ಎತ್ತಿದ. ಮೊದಲ ತುತ್ತನ್ನು ತಾಯಿಯ ಬಾಯಿಗಿಟ್ಟ. ದಾಸಮ್ಮ ಕಣ್ಣು ಮುಚ್ಚಿಕೊಂಡೇ ಅಗಿದರು. ಎರಡನೇ ತುತ್ತಿಗೆ ಕಣ್ಣು ಬಿಟ್ಟರು. ಮೂರನೆಯದಕ್ಕೆ, "ಉಪ್ಪೇ ಹಾಕಿಲ್ವಲ್ಲಾ," ಅಂದರು. ಆಗ ನನ್ನ ಎದೆ ಹಗುರವಾಯಿತು.

ಹಿಡಿ ಅಕ್ಕಿಯ ಅನ್ನ ಎಷ್ಟಾದೀತು. ಅಷ್ಟನ್ನೂ ತಾಯಿಗೇ ಉಣಿಸಿ, ತಾನು ಒಂದು ಅಗುಳು ಬಾಯಿಗೆ ಹಾಕಿಕೊಂಡು, ತಿಮ್ಮೇಶ್ ಹೊರಗೆ ಜಗಲಿಯ ತುದಿಗೆ ಹೋಗಿ ಕೂತ. ಒಳಗೆ ಶಿವಲಿಂಗಮ್ಮ ನಮಗೆಲ್ಲ ಎಲೆ ಹಾಕುತ್ತಿದ್ದರು. ರಸೂಲನಿಗೂ ನಟರಾಜುವಿಗೂ ಒಂದೇ ಸಾಲಿನಲ್ಲಿ. ತಿಮ್ಮೇಶ್ ಈ ಊರಲ್ಲಿ ಯಾರ ಮನೆಯಲ್ಲೂ ಉಣ್ಣುವುದಿಲ್ಲ ಎಂಬುದು ಗೊತ್ತಿದ್ದರಿಂದ ಅವನನ್ನು ಯಾರೂ ಕರೆಯಲಿಲ್ಲ. ಕರೆದು ಬೇಡ ಅನ್ನಿಸಿಕೊಳ್ಳುವುದು ಯಾರಿಗೂ ಬೇಕಿರಲಿಲ್ಲ.

ಕಂಬಕ್ಕೊರಗಿ ಕೂತಿದ್ದ ರಾಮಲಿಂಗಯ್ಯ ಎದ್ದರು. ಒಳಗೆ ಹೋಗಿ ಹೆಂಡತಿಯ ಕೈಯಿಂದ ಮುತ್ತುಗದ ಎಲೆಯೊಂದನ್ನು ಇಸಿದುಕೊಂಡರು. ಅದರಲ್ಲಿ ಒಂದು ಮುದ್ದೆ, ಅಲಸಂದೆ ಕಾಳಿನ ಸಾರು, ಅಂಚಿಗೆ ಚೂರು ಉಪ್ಪು ಇತ್ತು. ಸಾರು ಚೆಲ್ಲದಂತೆ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಜಗಲಿಯ ತುದಿಯವರೆಗೆ ನಡೆದರು. ಹುಡುಗನ ಪಕ್ಕ ನಿಂತು, ಅವನು ತಲೆಯೆತ್ತುವವರೆಗೆ ಕಾದು, ಅದನ್ನು ಅವನ ಕೈಗೆ ಕೊಟ್ಟರು.